ಅಪ್‌ಡೇಟ್: ನಾರಾದಿಂದ ಓಮಿವಾ ದೇಗುಲಕ್ಕೆ ಹೋಗಿ ಬಂದೆವು

ಜಪಾನಿನ ನಾರಾ ನಗರದಲ್ಲಿ ಉಳಿದುಕೊಂಡು ಅರ್ಧ ದಿನದಲ್ಲಿ ಓಮಿವಾ ಶಿಂಟೋ (ಜಪಾನಿನ ಮೂಲ ಧರ್ಮ) ದೇಗುಲ ನೋಡಬಹುದಾ, ಬೆಟ್ಟ ಹತ್ತಲು ಬಿಡ್ತಾರಾ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನೋಡಬಹುದು. ಜೆಆರ್ (ಜಪಾನ್ ರೈಲ್ವೇಸ್) ರೈಲಿನಲ್ಲಿ ಮಿವಾ ಸ್ಟೇಷನ್ ಸುಮಾರು ಅರ್ಧ ಗಂಟೆ, ಅಲ್ಲಿಂದ ನಡೆದೇ ಹೋಗಬಹುದು.

ಇಲ್ಲಿ ಗರ್ಭಗುಡಿಯೇ ಇಲ್ಲ! 467 ಮೀಟರ್ ಎತ್ತರದ ಮಿವಾ ಬೆಟ್ಟವೇ ದೇವರು. 1664ರಲ್ಲಿ ಶೋಗನ್ (ಆಗಿನ ಸೇನಾ ಆಡಳಿತಗಾರ) ತೊಕುಗಾವಾ ಇಯೆತ್ಸುನಾ ಕಟ್ಟಿಸಿದ ಪ್ರಾರ್ಥನಾ ಮಂಟಪದಲ್ಲಿ ನಿಂತು ಬೆಟ್ಟಕ್ಕೇ ಕೈಮುಗಿಯಬೇಕು. ಎದುರಿಗೆ ಒಂದು ದೊಡ್ಡ ಸುಗಿ (ಜಪಾನಿ ಸೀಡರ್) ಮರ. ದೇವರು ಹಾವಿನ ರೂಪದಲ್ಲಿ ಬರುತ್ತಾನೆ ಎಂಬ ನಂಬಿಕೆ ಇರುವುದರಿಂದ ಅದರ ಬುಡಕ್ಕೆ ಮೊಟ್ಟೆ, ಸಾಕೆ ಮದ್ಯ ಇಡುತ್ತಾರೆ. ನಾವು ಹುತ್ತಕ್ಕೆ ಹಾಲೆರೆದ ಹಾಗೇ ಅಲ್ವಾ?

ಬೆಟ್ಟ ಹತ್ತುವವರು ಪಕ್ಕದ ಸಾಯಿ ಎಂಬ ಶಿಂಟೋ ದೇಗುಲದಲ್ಲಿ (ಸಾಯಿಬಾಬಾ ಅಲ್ಲ!) ಹೆಸರು ಬರೆಸಬೇಕು. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಬಿಡುವುದಿಲ್ಲ. ಕೊರಳಿಗೆ ಬಿಳಿ ಪಟ್ಟಿ ಹಾಕಿಕೊಂಡೇ ಹತ್ತಬೇಕು. ಮೇಲೆ ಫೋಟೋ ತೆಗೆಯುವಂತಿಲ್ಲ, ತಿನ್ನುವಂತಿಲ್ಲ, ನೀರು ಮಾತ್ರ ಕುಡಿಯಬಹುದು. ಹಾಗಾಗಿ ಫೋಟೋ ಕೇಳಿದವರು ಕ್ಷಮಿಸಿ. ಹೋಗಿ ಬರಲು ಎರಡು ಗಂಟೆ ಸಾಕು, ಆದರೆ ದಾರಿ ಕಡಿದು. ಮಂಡಿನೋವು ಇರುವವರು ಸುಮ್ನೆ ಸಾಹಸ ಮಾಡಬೇಡಿ. ಅಮ್ಮ ಕೆಳಗೇ ಉಳಿದರು, ಅವರಿಗೇನೂ ಬೇಜಾರಾಗಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಮಿವಾ ಸೋಮೆನ್ ಶಾವಿಗೆಗೆ ಹೆಸರುವಾಸಿ. ಶಾವಿಗೆ ಗೋಧಿಯದ್ದೇ, ಆದರೆ ಜೊತೆಗೆ ಕೊಡುವ ಸಾರಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ನಾವು ಒಣ ಶಾವಿಗೆ ಪ್ಯಾಕೆಟ್ ಕೊಂಡು ಬಂದು, ಮನೆಯಲ್ಲಿ ಒಗ್ಗರಣೆ ಹಾಕಿದೆವು.