ಎಪಿಕ್ 7313ಪಿ ತಗೊಳ್ಳೋದಾ, ಜಿಯಾನ್ ಸಿಲ್ವರ್ 4314 ತಗೊಳ್ಳೋದಾ? ಬಳಸಿದವರು ಅನುಭವ ಹೇಳಿ

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಆಡಿಟ್ ಆಫೀಸ್ ಇದೆ, 28 ಜನ. ಎಲ್ಲರೂ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಟ್ಯಾಲಿ ಕೆಲಸ ಮಾಡುತ್ತಾರೆ. ಜೊತೆಗೆ ಒಂದು ಎಸ್‌ಕ್ಯೂಎಲ್ ಡೇಟಾಬೇಸ್ ಇದೆ. ಸೆಪ್ಟೆಂಬರ್ ಬಂತು ಅಂದರೆ ಹಳೇ ಸರ್ವರ್ ಏದುಸಿರು ಬಿಡುತ್ತೆ. ಈಗ ಎರಡು ಕೊಟೇಶನ್ ಬಂದಿವೆ. ಒಂದರಲ್ಲಿ ಎಎಂಡಿ ಕಂಪನಿಯ ಎಪಿಕ್ ಪ್ರೊಸೆಸರ್, ಇನ್ನೊಂದರಲ್ಲಿ ಇಂಟೆಲ್‌ನ ಜಿಯಾನ್. ಎರಡೂ ಹೊಸ ಮೆಷಿನ್, ಒಂದೊಂದೇ ಪ್ರೊಸೆಸರ್, 16 ಕೋರ್, 64 ಜಿಬಿ ಮೆಮೊರಿ. ಎಪಿಕ್‌ಗೆ 38,000 ರೂಪಾಯಿ ಜಾಸ್ತಿ. ಆ ದುಡ್ಡಿಗೆ ತಕ್ಕ ವ್ಯತ್ಯಾಸ ಕಾಣುತ್ತಾ? ಕೆಟ್ಟರೆ ಊರಲ್ಲೇ ನೋಡುವವರು ಸಿಗಬೇಕು, ಅದೂ ಮುಖ್ಯ.

ಎಸ್‌.ಪಿ. ರೋಡ್ ಗಿರಾಕಿ

ಎಪಿಕ್ಕೇ ತಗೊಳ್ಳಿ. ಆದರೆ ದುಡ್ಡು ಉಳಿಸಲು ಸೆಕೆಂಡ್ ಹ್ಯಾಂಡ್ ಚಿಪ್ ಕಡೆ ಹೋಗುವ ಯೋಚನೆ ಬಂದರೆ ಮೊದಲು ನನ್ನ ಕಥೆ ಕೇಳಿ.

2023ರಲ್ಲಿ 7302ಪಿ ಕೊಂಡೆ. ಇದೂ 16 ಕೋರ್, 2019ರ ಮಾಡೆಲ್. ಚಿಪ್ ಮಾತ್ರ, 21,500 ರೂಪಾಯಿ. "ಓಡ್ತಿದ್ದ ಸರ್ವರ್‌ನಿಂದ ಬಿಚ್ಚಿದ್ದು" ಅಂತ ಅಂಗಡಿಯವರು ಹೇಳಿದರು. ಅದು ಸುಳ್ಳೇನೂ ಆಗಿರಲಿಲ್ಲ. ಬೋರ್ಡ್‌ಗೆ 36,000 ಕೊಟ್ಟೆ. ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ಜೋರಾಗಿ ತಿರುಗಿತು, ಮಾನಿಟರ್ ಮಾತ್ರ ಕಪ್ಪಗೇ ಇತ್ತು. ಮೆಮೊರಿ ಒಂದೊಂದೇ ತೆಗೆದು ಹಾಕಿ ನೋಡಿದೆ. ಪವರ್ ಸಪ್ಲೈ ಬದಲಿಸಿದೆ, 7,800. ಬೋರ್ಡೇ ಕೆಟ್ಟಿರಬೇಕು ಅಂತ ಇನ್ನೊಂದು ತರಿಸಿದೆ, 34,000. ಅದರಲ್ಲೂ ಅದೇ ಕಪ್ಪು. ಮೂರು ವಾರ ರಾತ್ರಿ ಒಂದು ಗಂಟೆವರೆಗೆ ಅದರ ಮುಂದೆ ಕೂತಿದ್ದೇನೆ.

ಆಮೇಲೆ ಗೊತ್ತಾಯಿತು. ಕೆಲವು ಕಂಪನಿಗಳ ಸರ್ವರ್‌ನಲ್ಲಿ ಎಪಿಕ್ ಚಿಪ್ ಆನ್ ಆದಾಗ ಆ ಕಂಪನಿಯ ಗುರುತು ಚಿಪ್ ಒಳಗಿನ ಫ್ಯೂಸ್‌ಗಳಲ್ಲಿ ಶಾಶ್ವತವಾಗಿ ಕೂತುಬಿಡುತ್ತೆ. ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್ ಅಂತ ಅದರ ಹೆಸರು. ಅಲ್ಲಿಂದ ಮುಂದೆ ಆ ಕಂಪನಿ ಸಹಿ ಹಾಕಿದ ಬಯೋಸ್ (ಆನ್ ಆದ ಕೂಡಲೇ ಓಡುವ ಬೋರ್ಡ್‌ನ ಪ್ರೋಗ್ರಾಂ) ಇದ್ದರೆ ಮಾತ್ರ ಚಿಪ್ ಏಳುತ್ತೆ. ಮೇಲಿಂದ ನೋಡಿದರೆ ಏನೂ ತಿಳಿಯಲ್ಲ, ಬಿಡಿಸಲು ಯಾರ ಕೈಲೂ ಆಗಲ್ಲ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಲಾಕ್ ಇಲ್ಲದ ಇನ್ನೊಂದಕ್ಕೆ 26,000 ಕೊಟ್ಟೆ. ಎರಡನೇ ಬೋರ್ಡನ್ನು 9,000 ನಷ್ಟಕ್ಕೆ ಮಾರಿದೆ.

ಇಷ್ಟಾದರೂ ಹೇಳ್ತೀನಿ, ಎಪಿಕ್ಕೇ ಸರಿ. ಹಳೇ ಮೆಷಿನ್‌ನಲ್ಲಿ ನಮ್ಮ ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡೋದು) ಮುಗಿಯಲು 52 ನಿಮಿಷ ಬೇಕಿತ್ತು. ಈಗ 19.

ಹುಬ್ಬಳ್ಳಿ ರ್ಯಾಕ್

ಅಲ್ರೀ, ಅವರು ಕೇಳಿದ್ದು ಹೊಸ ಮೆಷಿನ್ ಬಗ್ಗೆ. ನೀವು ಗುಜರಿ ಚಿಪ್ ಕಥೆ ಹೇಳ್ತಿದ್ದೀರಿ. ಒಂದೂಕಾಲು ಲಕ್ಷ ನೀರಿಗೆ ಹಾಕಿದ ಮೇಲೂ ಅದನ್ನೇ ತಗೊಳ್ಳಿ ಅನ್ನೋದು ಯಾವ ನ್ಯಾಯ?

ನಮ್ಮದು ರಕ್ತ ಪರೀಕ್ಷೆ ಲ್ಯಾಬ್. 2022ರ ಜೂನ್‌ನಿಂದ ಸಿಲ್ವರ್ 4314 ಓಡುತ್ತಿದೆ. ಪ್ರೊಸೆಸರ್ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ತೊಂದರೆ ಕೊಟ್ಟದ್ದು ಮೆಮೊರಿ, ಅದೂ ನಾವೇ ತಂದುಕೊಂಡದ್ದು. ಕೊಟೇಶನ್‌ನಲ್ಲಿ "64 ಜಿಬಿ" ಅಂತ ಇತ್ತು, ಒಪ್ಪಿದೆವು. ಬಂದ ಮೇಲೆ ಮುಚ್ಚಳ ತೆಗೆದು ನೋಡಿದರೆ 32 ಜಿಬಿಯ ಎರಡೇ ಸ್ಟಿಕ್. ಈ ಪ್ರೊಸೆಸರ್‌ಗೆ ಮೆಮೊರಿ ಚಾನೆಲ್ ಎಂಟು. ಎಂಟು ಬಾಗಿಲಿನ ಗೋಡೌನ್‌ಗೆ ಎರಡೇ ಬಾಗಿಲು ತೆಗೆದು ಹಮಾಲರನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಐದು ತಿಂಗಳು ಹಾಗೇ ಓಡಿಸಿದೆವು. ತಿಂಗಳ ಕೊನೆಯ ರಿಪೋರ್ಟ್‌ಗೆ 11 ನಿಮಿಷ ಆಗ್ತಿತ್ತು. ಕೊನೆಗೆ 16 ಜಿಬಿಯ ಎಂಟು ಸ್ಟಿಕ್ ತರಿಸಿದೆ. ಒಂದಕ್ಕೆ 7,200ರಂತೆ 57,600. ಅದೇ ರಿಪೋರ್ಟ್ ಆರೂವರೆ ನಿಮಿಷಕ್ಕೆ ಇಳಿಯಿತು. ಹಳೇ ಎರಡು ಸ್ಟಿಕ್‌ಗೆ 14,000ದಂತೆ ಕೊಟ್ಟಿದ್ದೆ, ಮಾರುವಾಗ 7,500ರಂತೆ ಬಂತು. ಆ 13,000 ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಒಂದು ಭಾನುವಾರ ಬೆಳಿಗ್ಗೆ ಒಂದು ಸ್ಟಿಕ್ ಸತ್ತಿತು. ಹುಬ್ಬಳ್ಳಿಯಲ್ಲೇ ಗುರುತಿನ ಎಂಜಿನಿಯರ್ ಎರಡು ಗಂಟೆಯಲ್ಲಿ ಬಂದು ಹಾಕಿ ಹೋದರು. ಎಪಿಕ್ ಬಿಚ್ಚಿದ ಕೈ ನಮ್ಮ ಕಡೆ ಎಷ್ಟಿವೆ, ಹೇಳಿ ನೋಡೋಣ.

ಎಸ್‌.ಪಿ. ರೋಡ್ ಗಿರಾಕಿ

ಲೆಕ್ಕ ಸರಿಯಾಗಿ ಹಾಕಿ ಸರ್. ನೀರಿಗೆ ಹೋದದ್ದು ಲಾಕ್ ಆದ ಚಿಪ್‌ನ 21,500, ಬೋರ್ಡ್‌ನ 9,000, ಪವರ್ ಸಪ್ಲೈನ 7,800. ಒಟ್ಟು 38,300. ಉಳಿದದ್ದು ಇವತ್ತೂ ದುಡಿಯುತ್ತಿದೆ. ಮೋಸ ಹೋದವನಿಗೆ ಗುಜರಿ ಅನ್ನೋದು ಸುಲಭ.

ಮತ್ತೆ ಒಂದು ಮಾತು. ನಿಮ್ಮ 4314ರಲ್ಲಿ ಎಲ್3 ಕ್ಯಾಶ್, ಅಂದರೆ ಚಿಪ್ ಒಳಗಿನ ವೇಗದ ಮೆಮೊರಿ, 24 ಎಂಬಿ. 7313ಪಿಯಲ್ಲಿ 128. ಬೇಸ್ ಸ್ಪೀಡ್ ನಿಮ್ಮದು 2.4 ಗಿಗಾಹರ್ಟ್ಸ್, ಇದರದ್ದು 3.0. ಮೆಮೊರಿ ವೇಗ ನಿಮ್ಮದು 2666ಕ್ಕೆ ನಿಲ್ಲುತ್ತೆ, ಇದು 3200ಕ್ಕೆ ಹೋಗುತ್ತೆ. ಪಿಸಿಐ ಲೇನ್ (ಕಾರ್ಡ್, ಡಿಸ್ಕ್ ಜೋಡಿಸುವ ದಾರಿ) ನಿಮ್ಮದು 64, ಇದು 128. 2021ರಲ್ಲಿ ಬಿಡುಗಡೆಯಾದಾಗ ನಿಮ್ಮದರ ಪಟ್ಟಿ ಬೆಲೆ 694 ಡಾಲರ್, ಇದರದ್ದು 913. ಆ ವ್ಯತ್ಯಾಸ ಸುಮ್ನೆ ಬಂದದ್ದಲ್ಲ.

ಮ್ಯೂನಿಕ್ ಕನ್ನಡತಿ

ಇಬ್ಬರೂ ಕರೆಂಟ್ ಬಿಲ್ ಮಾತೇ ಎತ್ತಲಿಲ್ಲ. ನನಗೆ ಅದೇ ದೊಡ್ಡ ತಲೆನೋವು.

ನನ್ನ ಹತ್ತಿರ ಇದ್ದದ್ದು ಎರಡು ಜಿಯಾನ್ ಇ5-2680 ವಿ4 ಇರುವ ಮೆಷಿನ್. 2016ರ ಚಿಪ್, ತಲಾ 14 ಕೋರ್. ಗೋಡೆಗೆ ಮೀಟರ್ ಹಾಕಿ ಅಳೆದಿದ್ದೇನೆ. ಏನೂ ಕೆಲಸ ಇಲ್ಲದೆ ಕೂತಾಗ 168 ವ್ಯಾಟ್. 7313ಪಿಗೆ ಬದಲಿಸಿದ ಮೇಲೆ 104. ವ್ಯತ್ಯಾಸ 64 ವ್ಯಾಟ್, ಅಂದರೆ ವರ್ಷಕ್ಕೆ 560 ಯೂನಿಟ್. ಇಲ್ಲಿ ನನಗೆ ಯೂನಿಟ್‌ಗೆ 34 ಸೆಂಟ್ ಬೀಳುತ್ತೆ. ವರ್ಷಕ್ಕೆ 190 ಯೂರೊ ಉಳಿಯಿತು.

ಜೋಡಿಸುವಾಗ ಮಾತ್ರ ಅಳುವಂತಾಗಿತ್ತು. ಎಂಟು ಸ್ಟಿಕ್ ಹಾಕಿದರೆ ಏಳೇ ಕಾಣಿಸ್ತಿತ್ತು. ಸ್ಟಿಕ್ ಅದಲುಬದಲು ಮಾಡಿದರೂ ಅದೇ ಸ್ಲಾಟ್ ಖಾಲಿ. ಚಿಪ್ ಕೂರುವ ಈ ಸಾಕೆಟ್‌ನಲ್ಲಿ 4,094 ಮುಳ್ಳುಗಳಿವೆ (ಪಿನ್). ಚಿಪ್ ಮೇಲಿನ ಚೌಕಟ್ಟನ್ನು ಹಿಡಿಯೋದು ಮೂರು ಸ್ಕ್ರೂ. ಪಕ್ಕದಲ್ಲೇ 1, 2, 3 ಅಂತ ನಂಬರ್ ಬರೆದಿದೆ. ಅದೇ ಕ್ರಮದಲ್ಲಿ ಬಿಗಿಯಬೇಕು, ಬಿಚ್ಚುವಾಗ 3, 2, 1. ನಾನು ಸಾಮಾನ್ಯ ಸ್ಕ್ರೂಡ್ರೈವರ್‌ನಲ್ಲಿ ಅಂದಾಜಿಗೆ ಬಿಗಿದಿದ್ದೆ. ಒಂದು ಮೂಲೆ ಕೂದಲೆಳೆಯಷ್ಟು ಸಡಿಲ ಇತ್ತು ಅಂತ ಕಾಣುತ್ತೆ. ಟಿ20 ಬಿಟ್ ಇರುವ ಟಾರ್ಕ್ ಡ್ರೈವರ್ ತಂದು, 1.6 ನ್ಯೂಟನ್ ಮೀಟರ್ ಆಸುಪಾಸಿಗೆ ಇಟ್ಟು ಮತ್ತೆ ಬಿಗಿದೆ. ಟಕ್ ಅಂತ ಒಂದು ಸದ್ದು ಬರುತ್ತೆ, ಅಲ್ಲಿಗೆ ನಿಲ್ಲಿಸಬೇಕು. ಆನ್ ಮಾಡಿದರೆ ಎಂಟೂ ಕಂಡವು. ಡ್ರೈವರ್‌ಗೆ 58 ಯೂರೊ ಆಯಿತು. ಮೊದಲೇ ತಂದಿದ್ದರೆ ಒಂದು ಶನಿವಾರ, ಒಂದು ಭಾನುವಾರ ಉಳಿಯುತ್ತಿತ್ತು.

ಹುಬ್ಬಳ್ಳಿ ರ್ಯಾಕ್

ಮೇಡಂ, 2016ರ ಎರಡು ಚಿಪ್ ಒಂದು ಕಡೆ, 2021ರ ಒಂದು ಚಿಪ್ ಇನ್ನೊಂದು ಕಡೆ ಇಟ್ಟರೆ ಅದು ಹೋಲಿಕೆಯಾ? 4314ಕ್ಕೆ 135 ವ್ಯಾಟ್ ಅಂತ ಬರೆದಿದೆ, ನಿಮ್ಮ 7313ಪಿಗೆ 155. ಅಲ್ಲೇ 20 ವ್ಯಾಟ್ ಜಾಸ್ತಿ. ಇನ್ನು ಆ 560 ಯೂನಿಟ್. ನಮಗೆ ಯೂನಿಟ್‌ಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 4,480. ಆ ಲೆಕ್ಕದಲ್ಲೂ 38,000 ಹುಟ್ಟಲು ಎಂಟು ವರ್ಷ ದಾಟುತ್ತೆ.

ಮ್ಯೂನಿಕ್ ಕನ್ನಡತಿ

ಪೆಟ್ಟಿಗೆ ಮೇಲಿನ ವ್ಯಾಟ್ ಕೂಲರ್ ಎಷ್ಟು ಬಿಸಿ ಹೊರಬೇಕು ಅಂತ ಹೇಳುತ್ತೆ, ಬಿಲ್ ಎಷ್ಟು ಬರುತ್ತೆ ಅಂತ ಅಲ್ಲ. ನಾನು ಮೀಟರ್ ಹಾಕಿ ಅಳೆದದ್ದನ್ನು ಹೇಳಿದ್ದೇನೆ. ನೀವು ನಿಮ್ಮದನ್ನು ಅಳೆದು ಹೇಳಿ, ಒಪ್ಪುತ್ತೇನೆ. ಆ ಬಿಸಿ ಹೊರಗೆ ಹಾಕಲು ನಿಮ್ಮ ಕೋಣೆಯಲ್ಲಿ ಎಸಿ ಬೇರೆ ಓಡಬೇಕು. ಅದನ್ನು ಲೆಕ್ಕಕ್ಕೆ ತಗೊಂಡಿರಾ?

ಮೈಸೂರು ಡಿಬಿಎ

ಎಲ್ಲರೂ ಚಿಪ್ ಚಿಪ್ ಅಂತಿದ್ದೀರಿ. ನನ್ನನ್ನು ಮುಳುಗಿಸಿದ್ದು ಲೈಸೆನ್ಸ್.

"ಮುಂದೆ ಬೇಕಾಗುತ್ತೆ" ಅಂತ 24 ಕೋರ್‌ನ 7402ಪಿ ತಗೊಂಡೆ. 16 ಕೋರ್‌ನದಕ್ಕೂ ಇದಕ್ಕೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ, ಖುಷಿಯಾಗಿದ್ದೆ. ವಿಂಡೋಸ್ ಸರ್ವರ್ ಲೈಸೆನ್ಸ್ ಕೋರ್ ಲೆಕ್ಕದಲ್ಲಿ. ಕಡಿಮೆ ಅಂದರೂ 16 ಕೋರ್‌ಗೆ ಕೊಳ್ಳಬೇಕು, ಮೇಲೆ ಇರುವ ಪ್ರತಿ ಕೋರ್‌ಗೂ ಸೇರಿಸಬೇಕು. ನಾನು ಎಂಟು ಕೋರ್‌ಗೆ ಜಾಸ್ತಿ ಕಟ್ಟಿದೆ. ಡೇಟಾಬೇಸ್ ಲೈಸೆನ್ಸೂ ಕೋರ್ ಲೆಕ್ಕದ್ದೇ ತಗೊಂಡಿದ್ದೆ, ಮೆಷಿನ್‌ನ ಎಲ್ಲ ಕೋರ್‌ಗೂ ಸೇರಿಸಿ. ಆ ಬಿಲ್ ಮೆಷಿನ್ ಬೆಲೆಗಿಂತ ಜಾಸ್ತಿ ಬಂತು. ಎರಡು ವರ್ಷ ಆಯಿತು, ಒಂದು ದಿನವೂ 10 ಕೋರ್‌ಗಿಂತ ಹೆಚ್ಚು ಕೆಲಸ ಮಾಡಿದ್ದು ನೋಡಿಲ್ಲ. ಬಿಲ್ ಕಟ್ಟಿದ ರಶೀದಿ ಇನ್ನೂ ಟೇಬಲ್ ಗಾಜಿನ ಕೆಳಗೇ ಇದೆ.

ದಾವಣಗೆರೆಯವರೇ, ನಿಮ್ಮ ಎರಡೂ ಚಿಪ್ 16 ಕೋರ್. ಲೈಸೆನ್ಸ್ ಎರಡಕ್ಕೂ ಒಂದೇ. ಹಾಗಿದ್ದಾಗ ಒಂದೊಂದು ಕೋರ್ ಎಷ್ಟು ವೇಗ ಅನ್ನೋದೇ ನೋಡಬೇಕು. 28 ಜನರಿಗೆ ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಬೇರೆ ಬೇಕು. ಕೊಟೇಶನ್‌ನಲ್ಲಿ ಇದೆಯಾ ನೋಡಿ.

ಹುಬ್ಬಳ್ಳಿ ರ್ಯಾಕ್

ವೇಗ ವೇಗ ಅಂತೀರಿ. ಒಂದೇ ಸಲಕ್ಕೆ ಹಲವು ಅಂಕಿ ಲೆಕ್ಕ ಹಾಕುವ ಎವಿಎಕ್ಸ್-512 ಇರೋದು 4314ರಲ್ಲಿ. 7313ಪಿಯಲ್ಲಿ ಇಲ್ಲವೇ ಇಲ್ಲ.

ಎಸ್‌.ಪಿ. ರೋಡ್ ಗಿರಾಕಿ

ಇಲ್ಲ, ಒಪ್ಪಿದೆ. ಎಪಿಕ್‌ಗೆ ಅದು ಬಂದದ್ದು 2022ರ ನವೆಂಬರ್‌ನಲ್ಲಿ, ನಾಲ್ಕನೇ ತಲೆಮಾರಿನಲ್ಲಿ. ಆದರೆ ನಿಮ್ಮ ಲ್ಯಾಬ್ ಸಾಫ್ಟ್‌ವೇರ್ ಅದನ್ನು ಯಾವತ್ತಾದರೂ ಮುಟ್ಟಿದೆಯಾ? ಇಲ್ಲದ ಜಗಳ ಯಾಕೆ?

ಮಲೆನಾಡು ನೋಡ್

ನಾನು ಎರಡೂ ಇಟ್ಟುಕೊಂಡವನು, ಅದಕ್ಕೇ ಹೇಳ್ತಿದ್ದೇನೆ. ಎರಡು ಜಿಯಾನ್ ಮೆಷಿನ್ ಇದ್ದವು. ಮೂರನೆಯದು ಎಪಿಕ್ ತಂದು ಪ್ರಾಕ್ಸ್‌ಮಾಕ್ಸ್ ಕ್ಲಸ್ಟರ್‌ಗೆ ಸೇರಿಸಿದೆ. ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಇರುವ ಕಂಪ್ಯೂಟರ್, ಓಡಿಸುವ ವ್ಯವಸ್ಥೆ ಅದು. ಓಡುತ್ತಿರುವ ವರ್ಚುವಲ್ ಮೆಷಿನನ್ನು ಜಿಯಾನ್‌ನಿಂದ ಎಪಿಕ್‌ಗೆ ಸರಿಸಿದರೆ ಹೋಗಿ ಕೂರುತ್ತೆ, ಅಲ್ಲೇ ಹೆಪ್ಪುಗಟ್ಟುತ್ತೆ. ಒಂದು ಮಳೆಗಾಲದ ರಾತ್ರಿ ಕರೆಂಟ್ ಹೋಗುತ್ತೆ ಅಂತ ಅವಸರದಲ್ಲಿ ಆರು ಮೆಷಿನ್ ಸರಿಸಿದೆ. ನಾಲ್ಕು ಸತ್ತವು, ಒಂದರಲ್ಲಿ ಸಂಘದ ಹಾಲಿನ ಲೆಕ್ಕ ಇತ್ತು. ಬ್ಯಾಕಪ್‌ನಿಂದ ಎಬ್ಬಿಸುವಷ್ಟರಲ್ಲಿ ಬೆಳಗಿನ ಹಾಲು ಬಂದಾಗಿತ್ತು, ಅವತ್ತಿನ ಲೆಕ್ಕವನ್ನು ಪುಸ್ತಕದಲ್ಲಿ ಕೈಯಲ್ಲೇ ಬರೆದರು. ಈಗ ಆಫ್ ಮಾಡಿ ಸರಿಸುತ್ತೇನೆ. ಇಲ್ಲಿಂದ ಅಲ್ಲಿಗೆ ಆಫ್ ಮಾಡಿಯೇ ಕಳಿಸಬೇಕು.

ಹಳೇ ಸರ್ವರನ್ನು ಬ್ಯಾಕಪ್‌ಗೆ ಇಟ್ಟುಕೊಳ್ಳುವವರು ಅದು ಯಾವ ಜಾತಿಯ ಚಿಪ್ ಅಂತ ಮೊದಲು ನೋಡಿ.

ನುಡಿಗಾರ

ಇಷ್ಟು ಚೆನ್ನಾಗಿ ಕನ್ನಡದಲ್ಲಿ ಬರೆಯುತ್ತೀರಿ. ಪ್ರೊಸೆಸರ್ ಬದಲು ಸಂಸ್ಕಾರಕ ಅಂತ ಬರೆದರೆ ಏನಾಗುತ್ತೆ?

ಮೈಸೂರು ಡಿಬಿಎ

ಅಂಗಡಿಗೆ ಹೋಗಿ ಸಂಸ್ಕಾರಕ ಕೊಡಿ ಅಂದರೆ ಯಾರಿಗೆ ತಿಳಿಯುತ್ತೆ? ನಮ್ಮ ಆಫೀಸ್ ಹುಡುಗರು ದಿನವೆಲ್ಲ ಪ್ರೊಸೆಸರ್ ಅಂತಾರೆ, ಅದೂ ಈಗ ಕನ್ನಡವೇ.

ನುಡಿಗಾರ

ಗಣಕ ಅಂದಾಗಲೂ ಹೀಗೇ ಹೇಳಿದ್ದರು. ಬಳಸದೆ ಯಾವ ಪದ ಬೆಳೆಯುತ್ತೆ ಸರ್?

ಹುಬ್ಬಳ್ಳಿ ರ್ಯಾಕ್

ಆ ಚರ್ಚೆ ಬೇರೆ ಇಟ್ಟುಕೊಳ್ಳಿ. ಮ್ಯೂನಿಕ್ ಮೇಡಂ, ನಿನ್ನೆ ರಾತ್ರಿ ಮೀಟರ್ ಹಾಕಿದೆ. 4314, ಎಂಟು ಸ್ಟಿಕ್, ನಾಲ್ಕು ಎಸ್‌ಎಸ್‌ಡಿ, ಲ್ಯಾಬ್ ಮುಚ್ಚಿದ ಮೇಲೆ: 112 ವ್ಯಾಟ್. ಎಸಿ ಲೆಕ್ಕ ನಾನು ಹಾಕಿರಲಿಲ್ಲ, ಅದು ನಿಜ.

ಮ್ಯೂನಿಕ್ ಕನ್ನಡತಿ

ಅಳೆದದ್ದಕ್ಕೆ ಥ್ಯಾಂಕ್ಸ್ ಸರ್. ನನ್ನದರಲ್ಲಿ ಎರಡೇ ಎಸ್‌ಎಸ್‌ಡಿ. ಹಾಗಾದರೆ ಇಬ್ಬರದೂ ಹೆಚ್ಚುಕಮ್ಮಿ ಒಂದೇ.

ಬೆಣ್ಣೆನಗರಿ

ಎಲ್ಲರಿಗೂ ಧನ್ಯವಾದ. ಕೊಟೇಶನ್ ಕೊಟ್ಟ ಇಬ್ಬರಿಗೂ ಫೋನ್ ಮಾಡಿ ಮೆಮೊರಿ ಕೇಳಿದೆ. ಎರಡೂ ಕೊಟೇಶನ್‌ನಲ್ಲಿ 32ರ ಎರಡೇ ಸ್ಟಿಕ್! 8ರ ಎಂಟು ಹಾಕಿ ಅಂದರೆ ಒಬ್ಬರು ಆಗಲ್ಲ ಅಂದರು. ಎಪಿಕ್‌ನವರು 16ರ ಎಂಟು ಹಾಕಿ, ಒಟ್ಟು ಬೆಲೆಗೆ 22,000 ಸೇರಿಸಿ ಹೊಸ ಕೊಟೇಶನ್ ಕಳಿಸಿದ್ದಾರೆ. ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಎರಡರಲ್ಲೂ ಇರಲಿಲ್ಲ. ನಮ್ಮ ಹಳೇ ಸರ್ವರ್ ಜಿಯಾನ್, ಅದನ್ನು ಬ್ಯಾಕಪ್‌ಗೇ ಇಡುವ ಯೋಚನೆ ಇತ್ತು. ಮಲೆನಾಡಿನ ಅಣ್ಣ, ಆಫ್ ಮಾಡಿ ಎಬ್ಬಿಸಿದರೆ ವಿಂಡೋಸ್ ತಕರಾರು ಮಾಡುತ್ತಾ?

ಎಸ್‌.ಪಿ. ರೋಡ್ ಗಿರಾಕಿ

ಎಪಿಕ್ ಬಂದ ದಿನ ಮುಚ್ಚಳ ತೆಗೆದು ಎಂಟೂ ಸ್ಟಿಕ್ ಕಾಣುತ್ತಾ ನೋಡಿ, ಆಮೇಲೆ ಸಹಿ ಹಾಕಿ. ಏಳೇ ಕಂಡರೆ ನನ್ನ ಹತ್ತಿರ ಟಾರ್ಕ್ ಡ್ರೈವರ್ ಇದೆ, ದಾವಣಗೆರೆ ಬಸ್ಸಿಗೆ ಹಾಕಿ ಕಳಿಸ್ತೀನಿ.