ಬಿರುಸಾಗಿ ನಡೆದ್ರೆ ಕೊಬ್ಬು ಕರಗುತ್ತಾ, ಇಲ್ಲ ಓಡ್ಲೇಬೇಕಾ?

ಕೆರೆಏರಿ_ನಡಿಗೆ:
ಎಲ್ರಿಗೂ ನಮಸ್ಕಾರ. ನಂಗೆ 46, ತೂಕ 82 ಕೆಜಿ, ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ 40 ನಿಮಿಷ ಬಿರುಸಾಗಿ ನಡೀತಿದೀನಿ, ಇಳಿದಿರೋದು ಒಂದೇ ಒಂದು ಕೆಜಿ. ಜೊತೆಗೆ ಬರೋರೊಬ್ರು ಹೇಳ್ತಾರೆ ನಡೆದ್ರೆ ಏನೂ ಆಗಲ್ಲ ಏದುಸಿರು ಬರೋ ಹಾಗೆ ಓಡಿದ್ರೇನೇ ಕೊಬ್ಬು ಕರಗೋದು ಅಂತ, ಇನ್ನೊಬ್ರು ಜರ್ಕಿನ್ ಹಾಕ್ಕೊಂಡು ಬೆವರು ಸುರಿಸಿ ಅಂತಾರೆ. ಓಡೋಣ ಅಂದ್ರೆ ಮಂಡಿ ನೋವು. ಬೇಜಾರಾಗಿ ನಿಲ್ಲಿಸಿಬಿಡೋಣ ಅನ್ನಿಸ್ತಿದೆ.

ಪಾಠದ_ಮೇಷ್ಟ್ರು:
ದಯವಿಟ್ಟು ನಿಲ್ಲಿಸ್ಬೇಡಿ ಸರ್. ನಾನು ಫಿಸಿಯಾಲಜಿ ಪಾಠ ಮಾಡೋನು. ನೀವು ನಡೆಯೋಕೆ ಶುರು ಮಾಡಿದ್ಮೇಲೆ ಅಡ್ರಿನಲಿನ್ ಏರುತ್ತೆ, ಇನ್ಸುಲಿನ್ ಇಳಿಯುತ್ತೆ, ಕೊಬ್ಬಿನ ಕೋಶದಲ್ಲಿ ಕೂತಿರೋ ಟ್ರೈಗ್ಲಿಸರೈಡ್, ಅಂದ್ರೆ ಕೂಡಿಟ್ಟ ಕೊಬ್ಬು, ಒಡೆದು ಫ್ಯಾಟಿ ಆಸಿಡ್ ರಕ್ತಕ್ಕೆ ಬರುತ್ತೆ, ಅದನ್ನ ಸ್ನಾಯುಗಳು ಆಮ್ಲಜನಕದ ಜೊತೆ ಉರಿಸ್ತವೆ. ನಿಮಿಷಕ್ಕೆ ಅತಿ ಹೆಚ್ಚು ಕೊಬ್ಬು ಉರಿಯೋದು ಈ ಮಧ್ಯಮ ಶ್ರಮದಲ್ಲೇ, ಮೈ ಅತಿ ಹೆಚ್ಚು ಅಂದ್ರೆ ಎಷ್ಟು ಆಮ್ಲಜನಕ ಬಳಸ್ಬಲ್ಲದೋ ಅದರ ಶೇ. 45ರಿಂದ 65ರ ಆಸುಪಾಸು, ಹೆಚ್ಚಿನವರಿಗೆ. ಅದಕ್ಕಿಂತ ಜೋರಾದ್ರೆ ಸ್ನಾಯುಗೆ ಬೇಗ ಶಕ್ತಿ ಬೇಕು, ಗ್ಲೈಕೋಜನ್ ಕಡೆ, ಅಂದ್ರೆ ಮೈಯಲ್ಲಿ ಕೂಡಿಟ್ಟ ಸಕ್ಕರೆ ಕಡೆ, ಹೊರಳುತ್ತೆ. ಓಡೋದು ದಂಡ ಅಂತ ಅಲ್ಲ, ಅಷ್ಟೇ ಹೊತ್ತಿಗೆ ಒಟ್ಟು ಕ್ಯಾಲರಿ ಜಾಸ್ತಿ ಖರ್ಚಾಗುತ್ತೆ, ಆದ್ರೆ ನೋಯೋ ಮಂಡಿ ಇಟ್ಕೊಂಡು ಬೇಡ. ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು, ಅದೇ ನಿಮ್ಮ ವೇಗ.

ಜರ್ಕಿನ್ ತೆಗೆದಿಡಿ. ಬೆವರು ಅಂದ್ರೆ ನೀರು, ಎರಡು ಲೋಟ ಕುಡಿದ್ರೆ ವಾಪಸ್. 10 ಕೆಜಿ ಕೊಬ್ಬು ಪೂರ್ತಿ ಉರಿದ್ರೆ ಅದರಲ್ಲಿ 8.4 ಕೆಜಿ ಹೋಗೋದು ಕಾರ್ಬನ್ ಡೈಆಕ್ಸೈಡ್ ಆಗಿ, ಉಸಿರಲ್ಲಿ.

ಶಾರದಕ್ಕ_ಮೈಸೂರು:
ಅಣ್ಣಾ, ನಿಮ್ಮ ಒಂದು ಕೆಜಿ ಕಮ್ಮಿ ಅಲ್ಲ, ಲೆಕ್ಕ ಹಾಕಿ ನೋಡಿ. ನಿಮ್ಮ ತೂಕಕ್ಕೆ 40 ನಿಮಿಷಕ್ಕೆ ಸುಮಾರು 200 ಕ್ಯಾಲರಿ, ಒಂದು ಕೆಜಿ ಮೈಕೊಬ್ಬಲ್ಲಿ ಹತ್ತಿರ ಹತ್ತಿರ 7700, ಅಂದ್ರೆ 60 ದಿನಕ್ಕೆ ಒಂದೂವರೆ ಕೆಜಿ ಆಗ್ಬೇಕು, ಅದೂ ಬೇರೇನೂ ಜಾಸ್ತಿ ತಿನ್ನದೆ. ನಾನು ವಾಕಿಂಗ್ ಮುಗಿಸ್ಕೊಂಡು ಗೆಳತಿಯರ ಜೊತೆ ಹೋಟ್ಲಿಗೆ ಹೋಗಿ ಎರಡು ಇಡ್ಲಿ ಒಂದು ವಡೆ ಮೇಲೊಂದು ಸಕ್ಕರೆ ಕಾಫಿ, ಆರು ತಿಂಗಳು ಹೀಗೇ ನಡೀತು, ತೂಕ ಒಂಚೂರೂ ಅಲ್ಲಾಡ್ಲಿಲ್ಲ. ಅದನ್ನ ವಾರಕ್ಕೊಂದು ದಿನಕ್ಕೆ ಇಳಿಸಿದ್ಮೇಲೆ ಮೊದಲು ಗೊತ್ತಾಗಿದ್ದು ತೂಕದ ಮಷೀನಲ್ಲಿ ಅಲ್ಲ, ಎರಡು ವರ್ಷದಿಂದ ಬಿಗಿಯಾಗಿದ್ದ ಬ್ಲೌಸಿನ ಕೆಳಗಿನ ಹುಕ್ಕು ಉಸಿರು ಹಿಡೀದೆ ಹಾಕೋಕಾಯ್ತು. ಟೇಪ್ ತಗೊಂಡು ಸೊಂಟ ಅಳೀರಿ, ನಮ್ಮ ಜನಕ್ಕೆ ಗಂಡಸ್ರಿಗೆ 90 ಸೆಂ.ಮೀ., ಹೆಂಗಸ್ರಿಗೆ 80 ದಾಟ್ಬಾರ್ದು ಅಂತಾರೆ.

ಕೆರೆಏರಿ_ನಡಿಗೆ:
ತುಂಬಾ ಥ್ಯಾಂಕ್ಸ್, ಮನಸ್ಸು ಹಗುರ ಆಯ್ತು. ಈಗ್ಲೇ ಅಳೆದೆ, 98. ಇನ್ನೊಂದು ಡೌಟು, ಖಾಲಿ ಹೊಟ್ಟೇಲಿ ನಡೆದ್ರೆ ಜಾಸ್ತಿ ಕರಗುತ್ತಾ? ನಂಗೆ ಶುಗರ್ ಮಾತ್ರೆ ಬೇರೆ ಇದೆ.

ಪಾಠದ_ಮೇಷ್ಟ್ರು:
ನಡೆಯೋ ಹೊತ್ತಲ್ಲಿ ಕೊಬ್ಬಿನ ಪಾಲು ಸ್ವಲ್ಪ ಜಾಸ್ತಿ ಇರುತ್ತೆ ನಿಜ, ಆದ್ರೆ ತಿನ್ನೋದು ಅಷ್ಟೇ ಇದ್ರೆ ತಿಂಗಳುಗಟ್ಟಲೆ ನೋಡಿದಾಗ ಅಂಥ ವ್ಯತ್ಯಾಸ ಬರಲ್ಲ. ಶುಗರ್ ಮಾತ್ರೆ ಅಂದ್ರಲ್ಲ, ಗ್ಲಿಮೆಪಿರೈಡ್ ಥರದ್ದಾದ್ರೆ ಖಾಲಿ ಹೊಟ್ಟೇಲಿ ಸಕ್ಕರೆ ತೀರಾ ಇಳಿದು ಕೈ ನಡುಗಿ ತಲೆ ಸುತ್ತಬಹುದು. ಮಾತ್ರೆ ಚೀಟಿ ಹಿಡ್ಕೊಂಡು ನಿಮ್ಮ ಡಾಕ್ಟ್ರನ್ನ ಕೇಳೋವರೆಗೆ ಏನಾದ್ರೂ ಸ್ವಲ್ಪ ತಿಂದೇ ಹೊರಡಿ, ಜೇಬಲ್ಲಿ ಗ್ಲೂಕೋಸ್ ಪುಡಿ ಇಟ್ಕೊಳ್ಳಿ.