ತ್ರಿಕೋನ ಜಾಲದಲ್ಲಿ ಚರಂಡಿ ತುಂಡುತುಂಡಾಗಿದೆ, ಮಣ್ಣಿನ ಲೆಕ್ಕವೂ ತಾಳೆಯಾಗುತ್ತಿಲ್ಲ: ದೋಷ ಎಲ್ಲಿರಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸುಮಾರು 4 ಹೆಕ್ಟೇರ್ ವಿಸ್ತಾರದ ನಿವೇಶನವೊಂದನ್ನು ಟೋಟಲ್ ಸ್ಟೇಷನ್‌ನಿಂದ (ಕೋನ ಮತ್ತು ದೂರಗಳನ್ನು ಅಳೆಯುವ ಉಪಕರಣ) ಅಳೆದು, ಅದರ ಡಿಜಿಟಲ್ ಭೂಮೇಲ್ಮೈ ಮಾದರಿಯನ್ನು ಸಿದ್ಧಪಡಿಸುತ್ತಿದ್ದೇನೆ. ಬಯಲು ಭಾಗದಲ್ಲಿ 20 ಮೀಟರ್ ಚೌಕಗಳ ಮೂಲೆಗಳಲ್ಲಿ ಮಟ್ಟ ತೆಗೆದಿದ್ದೇವೆ. ನಿವೇಶನವನ್ನು ಓರೆಯಾಗಿ ಸೀಳಿಕೊಂಡು ಹೋಗುವ 3 ಮೀಟರ್ ಅಗಲದ ಮಣ್ಣಿನ ಚರಂಡಿಯ ದಡ ಮತ್ತು ತಳದಲ್ಲೂ, ಒಂದು ಅಂಚಿನಲ್ಲಿರುವ ಹಳೆಯ ಒಡ್ಡಿನ ನೆತ್ತಿಯಲ್ಲೂ ಹೆಚ್ಚುವರಿ ಬಿಂದುಗಳಿವೆ.

ತಂತ್ರಾಂಶವು ಈ ಬಿಂದುಗಳಿಂದ ತ್ರಿಕೋನ ಜಾಲವನ್ನು ಕಟ್ಟಿಕೊಟ್ಟಿತು. ಆದರೆ ಅರ್ಧ ಮೀಟರ್ ಅಂತರದ ಕಾಂಟೂರ್‌ಗಳನ್ನು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ರೇಖೆಗಳು) ಎಳೆದಾಗ ಚರಂಡಿಯು ಒಂದೇ ಸಮನೆ ಹರಿಯುವ ತಗ್ಗಿನಂತೆ ಕಾಣದೆ, ಒಂದರ ಪಕ್ಕ ಒಂದು ತೋಡಿದ ಗುಂಡಿಗಳ ಸಾಲಿನಂತೆ ಕಾಣುತ್ತಿದೆ. ಒಡ್ಡಿನ ನೆತ್ತಿ ಗರಗಸದ ಹಲ್ಲುಗಳಂತಿದೆ. ಇದರ ಜೊತೆಗೆ, ಪ್ರಸ್ತಾವಿತ ಮಟ್ಟಕ್ಕೆ ಬೇಕಾದ ಅಗೆತದ ಪ್ರಮಾಣವನ್ನು ಎರಡು ಬೇರೆ ತಂತ್ರಾಂಶಗಳಲ್ಲಿ ಲೆಕ್ಕ ಹಾಕಿದರೆ, ಸುಮಾರು 11,000 ಘನ ಮೀಟರ್‌ನಲ್ಲಿ 900 ಘನ ಮೀಟರ್‌ನಷ್ಟು ವ್ಯತ್ಯಾಸ ಬರುತ್ತಿದೆ. ಮೊದಲನೆಯದರಲ್ಲಿ ಎರಡು ತ್ರಿಕೋನ ಮೇಲ್ಮೈಗಳ ನಡುವಿನ ಗಾತ್ರವನ್ನೂ, ಎರಡನೆಯದರಲ್ಲಿ 10 ಮೀಟರ್ ಚೌಕ ಜಾಲದ ವಿಧಾನವನ್ನೂ ಬಳಸಿದ್ದೇನೆ. ಯಾವುದನ್ನು ನಂಬಬೇಕು? ಇಡೀ ನಿವೇಶನವನ್ನು ಡ್ರೋನ್‌ನಿಂದ ಮತ್ತೊಮ್ಮೆ ಅಳೆಯುವುದೇ ಸರಿಯಾದ ದಾರಿಯೇ? ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1

ನೀವು ವಿವರಿಸಿದ ಗುಂಡಿಗಳ ಸಾಲಿಗೆ ಕಾರಣ ಬಿಂದುಗಳ ಕೊರತೆಗಿಂತ ಹೆಚ್ಚಾಗಿ ಬ್ರೇಕ್‌ಲೈನ್‌ಗಳ, ಅಂದರೆ ನೆಲದ ಇಳಿಜಾರು ಥಟ್ಟನೆ ಬದಲಾಗುವ ಕಡೆ ಎಳೆಯುವ ರೇಖೆಗಳ, ಕೊರತೆ. ಹೆಚ್ಚಿನ ತಂತ್ರಾಂಶಗಳು ಬಳಸುವ ತ್ರಿಕೋನೀಕರಣದ ನಿಯಮವನ್ನು ರಷ್ಯಾದ ಗಣಿತಜ್ಞ ಬೋರಿಸ್ ಡೆಲೋನೆ 1934ರಲ್ಲಿ ಪ್ರಕಟಿಸಿದರು. ಯಾವುದೇ ತ್ರಿಕೋನದ ಮೂರು ಮೂಲೆಗಳನ್ನು ಹಾದುಹೋಗುವ ವೃತ್ತದೊಳಗೆ ನಾಲ್ಕನೆಯ ಬಿಂದು ಇರಬಾರದು ಎಂಬುದು ಅದರ ತಿರುಳು. ತೀರ ಚೂಪಾದ ತ್ರಿಕೋನಗಳನ್ನು ಆದಷ್ಟು ತಪ್ಪಿಸುವ ಉತ್ತಮ ನಿಯಮವಿದು. ಆದರೆ ಅದು ಬಿಂದುಗಳ ಸಮತಲ ಸ್ಥಾನವನ್ನಷ್ಟೇ ನೋಡುತ್ತದೆ. ಇದು ದಡ, ಇದು ತಳ ಎಂಬ ಅರಿವು ಅದಕ್ಕಿಲ್ಲ. ಚರಂಡಿಯ ಅಗಲ 3 ಮೀಟರ್ ಆಗಿದ್ದು, ತಳದ ಎರಡು ಬಿಂದುಗಳ ನಡುವೆ 15 ಅಥವಾ 20 ಮೀಟರ್ ಅಂತರವಿದ್ದರೆ, ಒಂದು ದಡದ ಬಿಂದುವಿಗೆ ಎದುರು ದಡದ ಬಿಂದುವೇ ಹತ್ತಿರವಾಗುತ್ತದೆ. ಆಗ ತ್ರಿಕೋನದ ಅಂಚು ಚರಂಡಿಗೆ ಅಡ್ಡಲಾಗಿ, ದಡದ ಎತ್ತರದಲ್ಲೇ ಹಾದುಹೋಗಿ, ಮಾದರಿಯೊಳಗೆ ನೆಲದ ಮೇಲಿಲ್ಲದ ಅಡ್ಡಗಟ್ಟೆಯೊಂದು ಹುಟ್ಟುತ್ತದೆ. ನಿಮ್ಮ ಕಾಂಟೂರ್‌ಗಳು ತೋರಿಸುತ್ತಿರುವುದು ಅಂಥ ಗಟ್ಟೆಗಳ ನಡುವೆ ಉಳಿದ ತಗ್ಗುಗಳನ್ನು.

ಬ್ರೇಕ್‌ಲೈನ್ ಎಳೆದರೆ ತ್ರಿಕೋನದ ಅಂಚು ಆ ರೇಖೆಯ ಮೇಲೆಯೇ ಸಾಗಬೇಕೆಂದೂ, ಯಾವ ಅಂಚೂ ಅದನ್ನು ದಾಟಬಾರದೆಂದೂ ತಂತ್ರಾಂಶಕ್ಕೆ ಕಡ್ಡಾಯವಾಗುತ್ತದೆ. ಚರಂಡಿಗೆ ಎರಡು ದಡಗಳ ಮೇಲಂಚು ಮತ್ತು ತಳದ ಎರಡು ಅಂಚುಗಳು ಸೇರಿ ನಾಲ್ಕು ರೇಖೆಗಳು ಬೇಕು; ತಳ ತೀರ ಕಿರಿದಾಗಿದ್ದರೆ ಮೂರು ಸಾಕು. ಒಡ್ಡಿಗೆ ನೆತ್ತಿಯ ರೇಖೆಯ ಜೊತೆ ಎರಡೂ ಬದಿಯ ಬುಡದ ರೇಖೆಗಳು ಬೇಕು. ನೆತ್ತಿಯಲ್ಲಿ ಮಾತ್ರ ಬಿಂದುಗಳಿದ್ದರೆ ಇಳಿಜಾರು ಎಲ್ಲಿ ಮುಗಿಯುತ್ತದೆ ಎಂಬುದು ತಂತ್ರಾಂಶಕ್ಕೆ ತಿಳಿಯದೆ, ಅದು ನೆತ್ತಿಯನ್ನು 20 ಮೀಟರ್ ಆಚೆಯ ಚೌಕದ ಮೂಲೆಗೆ ಜೋಡಿಸಿ ಒಡ್ಡನ್ನು ದಪ್ಪವಾಗಿಸುತ್ತದೆ. ಇದರಿಂದ ಮಣ್ಣಿನ ಲೆಕ್ಕವೂ ಕೆಡುತ್ತದೆ. ಅಳೆಯುವಾಗ ಬಿಂದುಗಳಿಗೆ ದಡ, ತಳ, ಬುಡ ಎಂಬ ಸಂಕೇತಗಳನ್ನು ಕೊಟ್ಟಿದ್ದರೆ ರೇಖೆಗಳನ್ನು ಕಚೇರಿಯಲ್ಲೇ ಜೋಡಿಸಬಹುದು. ಬುಡದ ಬಿಂದುಗಳೇ ಇಲ್ಲದಿದ್ದಲ್ಲಿ ಮತ್ತೆ ಸ್ಥಳಕ್ಕೆ ಹೋಗಿ ತೆಗೆಯಲೇಬೇಕು. ಇರುವ ಬಿಂದುಗಳಿಂದ ಊಹಿಸಿ ಎಳೆದ ರೇಖೆಯು ನಕ್ಷೆಯನ್ನು ಅಂದವಾಗಿಸಬಹುದೇ ಹೊರತು ನಿಜವಾಗಿಸುವುದಿಲ್ಲ.

ಇನ್ನೆರಡು ವಿಷಯಗಳನ್ನೂ ಗಮನಿಸಿ. ಮೇಲ್ಮೈಗೆ ಹೊರಗಡಿಯನ್ನು ಕೊಡದಿದ್ದರೆ ನಿವೇಶನದ ಗಡಿ ಒಳಕ್ಕೆ ಬಾಗಿದ ಕಡೆಗಳಲ್ಲಿ ಅಳತೆಯೇ ಇಲ್ಲದ ಜಾಗವನ್ನು ಉದ್ದನೆಯ ತ್ರಿಕೋನಗಳು ಆವರಿಸಿಕೊಳ್ಳುತ್ತವೆ. ಎರಡನೆಯದಾಗಿ, ಕಾಂಟೂರ್‌ಗಳನ್ನು ನಯಗೊಳಿಸುವ ಆಯ್ಕೆಯನ್ನು ದಯವಿಟ್ಟು ಪರಿಹಾರವೆಂದು ತಿಳಿಯಬೇಡಿ. ಅದು ರೇಖೆಯನ್ನು ಬಾಗಿಸುತ್ತದೆ, ಕೆಳಗಿನ ತ್ರಿಕೋನಗಳನ್ನು ಮುಟ್ಟುವುದಿಲ್ಲ. ವಿನ್ಯಾಸವೂ ಗಾತ್ರದ ಲೆಕ್ಕವೂ ನಿಂತಿರುವುದು ಆ ತ್ರಿಕೋನಗಳ ಮೇಲೆ.

ಉತ್ತರ 2

ಗಾತ್ರದ ವ್ಯತ್ಯಾಸದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಹಣದ ವಿವಾದಗಳು ಹುಟ್ಟುವುದು ಇಲ್ಲಿಯೇ. ಎರಡು ತ್ರಿಕೋನ ಮೇಲ್ಮೈಗಳನ್ನು ಒಂದರ ಮೇಲೊಂದು ಇಟ್ಟು, ಅವುಗಳ ಅಂಚುಗಳು ಕೂಡುವಲ್ಲೆಲ್ಲ ಕತ್ತರಿಸಿ, ಪ್ರತಿ ತುಂಡಿನ ಗಾತ್ರವನ್ನು ಕೂಡುವ ವಿಧಾನವು ಆ ಎರಡು ಮೇಲ್ಮೈಗಳ ಮಟ್ಟಿಗೆ ಕರಾರುವಾಕ್ಕಾದ ಉತ್ತರವನ್ನೇ ಕೊಡುತ್ತದೆ. ಚೌಕ ಜಾಲದ ವಿಧಾನವು ಪ್ರತಿ 10 ಮೀಟರ್‌ಗೊಮ್ಮೆ ಮಾತ್ರ ಎತ್ತರವನ್ನು ಓದುತ್ತದೆ; 3 ಮೀಟರ್ ಅಗಲದ ಚರಂಡಿ ಅದರ ಕಣ್ಣಿಗೆ ಬಿದ್ದರೂ ಬಿದ್ದೀತು, ಬೀಳದೆಯೂ ಹೋದೀತು. ಜಾಲವನ್ನು 1 ಮೀಟರ್‌ಗೆ ಇಳಿಸಿ ನೋಡಿ. ಅದೇ ಮೇಲ್ಮೈಗಳನ್ನು ಬಳಸಿದ್ದರೆ ಉತ್ತರವು ಮೊದಲ ವಿಧಾನದ ಅಂಕಿಯತ್ತ ಸರಿಯುವುದನ್ನು ಕಾಣುವಿರಿ.

ಆದರೆ ಕರಾರುವಾಕ್ಕಾದ ಲೆಕ್ಕ ಬೇರೆ, ನೆಲದ ಸತ್ಯ ಬೇರೆ. 4 ಹೆಕ್ಟೇರ್ ಎಂದರೆ 40,000 ಚದರ ಮೀಟರ್. ಅಳತೆಯ ಕೋಲಿನ ಮೇಲಿನ ಪ್ರಿಸಂನ ಎತ್ತರವನ್ನು ತಪ್ಪಾಗಿ ನಮೂದಿಸಿದ ಕಾರಣಕ್ಕೋ, ಬೆಂಚ್‌ಮಾರ್ಕ್‌ನ (ಎತ್ತರ ಗೊತ್ತಿರುವ ಆಧಾರ ಬಿಂದು) ಮಟ್ಟ ತಪ್ಪಿದ ಕಾರಣಕ್ಕೋ ಇಡೀ ಮೇಲ್ಮೈ 5 ಸೆಂಟಿಮೀಟರ್ ಮೇಲೆ ಕುಳಿತಿದ್ದರೆ 2,000 ಘನ ಮೀಟರ್ ಮಣ್ಣು ಹೆಚ್ಚಾಗಿ ಕಾಣಿಸುತ್ತದೆ. ಇದು ನೀವು ಚಿಂತಿಸುತ್ತಿರುವ ವ್ಯತ್ಯಾಸದ ಎರಡು ಪಟ್ಟಿಗೂ ಮಿಗಿಲು, ಮತ್ತು ಎರಡು ತಂತ್ರಾಂಶಗಳ ಉತ್ತರಗಳು ಪರಸ್ಪರ ತಾಳೆಯಾದರೂ ಈ ದೋಷ ಬಯಲಾಗುವುದಿಲ್ಲ. ಒಂದೊಂದು ಬಿಂದುವಿನಲ್ಲಿ ಹೆಚ್ಚುಕಡಿಮೆಯಾಗುವ ಸಣ್ಣ ದೋಷಗಳು ಬಹುಮಟ್ಟಿಗೆ ಒಂದನ್ನೊಂದು ಕಳೆದುಕೊಳ್ಳುತ್ತವೆ; ಒಂದೇ ದಿಕ್ಕಿನ ದೋಷ ಮಾತ್ರ ವಿಸ್ತೀರ್ಣದೊಂದಿಗೆ ಗುಣಿಸಿಕೊಂಡು ಬೆಳೆಯುತ್ತದೆ.

ಮೇಲ್ಮಣ್ಣಿನ ಲೆಕ್ಕವನ್ನೂ ಮರೆಯಬೇಡಿ. 15 ಸೆಂಟಿಮೀಟರ್ ದಪ್ಪದ ಮೇಲ್ಮಣ್ಣನ್ನು ಇಡೀ ನಿವೇಶನದಿಂದ ತೆಗೆದರೆ ಅದೇ 6,000 ಘನ ಮೀಟರ್ ಆಗುತ್ತದೆ. ಅದನ್ನು ತೆಗೆದ ನಂತರದ ನೆಲವನ್ನೇ ಬೇರೆ ಮೇಲ್ಮೈಯಾಗಿ ರಚಿಸಿ, ಅಗೆತ ಮತ್ತು ತುಂಬುವಿಕೆಯನ್ನು ಅದರಿಂದ ಲೆಕ್ಕ ಹಾಕುವುದು ಸರಿ. ಅಗೆದ ಮಣ್ಣು ಉಬ್ಬುವ ಮತ್ತು ದಮ್ಮಸು ಮಾಡಿದಾಗ ಕುಗ್ಗುವ ಪ್ರಮಾಣವನ್ನು ತಂತ್ರಾಂಶದಲ್ಲಾಗಲಿ ಅಂದಾಜು ಪಟ್ಟಿಯಲ್ಲಾಗಲಿ ಒಂದೇ ಕಡೆ ಸೇರಿಸಿ.

ಪ್ರಶ್ನಿಸಿದವರ ಮರುನುಡಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಚರಂಡಿಯ ಬಿಂದುಗಳಿಗೆ ಸಂಕೇತಗಳಿರುವುದರಿಂದ ಅಲ್ಲಿ ರೇಖೆಗಳನ್ನು ಜೋಡಿಸಿದೆ. ಗುಂಡಿಗಳೆಲ್ಲ ಮಾಯವಾಗಿ ಕಾಂಟೂರ್‌ಗಳು ಚರಂಡಿಯ ಉದ್ದಕ್ಕೂ ಹರಿದಿವೆ. ಒಡ್ಡಿನ ಬುಡದ ಬಿಂದುಗಳು ಮಾತ್ರ ಇಲ್ಲ, ಅವನ್ನು ತೆಗೆಯಬೇಕು. ಅದಕ್ಕೆ ಡ್ರೋನ್ ಬಳಸಿದರೆ ಆದೀತೇ? ಚರಂಡಿಯ ಎರಡೂ ಕಡೆ ದಟ್ಟವಾದ ಹುಲ್ಲಿದೆ. ಮುಂದಿನ ವಿನ್ಯಾಸದಲ್ಲಿ ನೆಲಹಾಸಿಗೆ 500ಕ್ಕೆ 1ರ ಇಳಿಜಾರನ್ನು ಯೋಚಿಸಿದ್ದೇನೆ.

ಉತ್ತರ 3

ಹುಲ್ಲಿರುವ ಕಡೆ ಡ್ರೋನ್ ಛಾಯಾಚಿತ್ರಗಳಿಂದ ನಿಮಗೆ ದೊರೆಯುವುದು ಹುಲ್ಲಿನ ತುದಿಯ ಮೇಲ್ಮೈಯೇ ಹೊರತು ನೆಲದ್ದಲ್ಲ. ಚಿತ್ರದಲ್ಲಿ ಕಾಣದ ನೆಲವನ್ನು ಯಾವ ಸಂಸ್ಕರಣೆಯೂ ಮರಳಿ ತರಲಾರದು. ಲೇಸರ್ ಬೆಳಕಿನಿಂದ ದೂರ ಅಳೆಯುವ ಲಿಡಾರ್‌ನ ಕಿರಣಗಳು ಎಲೆಗಳ ನಡುವಿನ ಸಂದುಗಳಿಂದ ನೆಲವನ್ನು ಮುಟ್ಟಿ ಬರಬಲ್ಲವು, ಆದರೆ ಗಿಡ್ಡನೆಯ ದಟ್ಟ ಹುಲ್ಲಿನಲ್ಲಿ ಅದಕ್ಕೂ ನೆಲ ಮತ್ತು ಹುಲ್ಲನ್ನು ಬೇರ್ಪಡಿಸುವುದು ಕಷ್ಟ. ಒಡ್ಡಿನ ಬುಡವನ್ನು ಟೋಟಲ್ ಸ್ಟೇಷನ್‌ನಿಂದಲೇ ತೆಗೆಯಿರಿ ಎಂಬುದು ನನ್ನ ಖಚಿತ ಸಲಹೆ. ಮುಂದೆಂದಾದರೂ ಬೋಳು ನೆಲದ ಮೇಲೆ ಡ್ರೋನ್ ಬಳಸಿದರೆ, ನಿಯಂತ್ರಣ ಬಿಂದುಗಳನ್ನು (ಸ್ಥಾನ ಮತ್ತು ಎತ್ತರ ಗೊತ್ತಿರುವ ನೆಲದ ಗುರುತುಗಳು) ಅಂಚುಗಳಲ್ಲಷ್ಟೇ ಅಲ್ಲದೆ ನಡುವೆಯೂ ಇಡಿ. ಇಲ್ಲದಿದ್ದರೆ ಮಸೂರದ ಬಾಗುವಿಕೆ ಸರಿಯಾಗಿ ತಿದ್ದಲ್ಪಡದೆ ಇಡೀ ಮಾದರಿ ನಡುವೆ ಉಬ್ಬಿಕೊಳ್ಳುವ ಅಥವಾ ತಗ್ಗುವ ಸಂಭವವಿದೆ. ಕೆಲವು ಬಿಂದುಗಳನ್ನು ಸಂಸ್ಕರಣೆಗೆ ಕೊಡದೆ ಪರೀಕ್ಷೆಗೆಂದೇ ಉಳಿಸಿಕೊಳ್ಳಿ.

ಉಪಗ್ರಹ ನೆಲೆಯ ರಿಸೀವರ್‌ನಿಂದ ಬುಡದ ಬಿಂದುಗಳನ್ನು ತೆಗೆಯುವುದಾದರೆ ಎತ್ತರದ ಆಧಾರವನ್ನು ಪರೀಕ್ಷಿಸಿ. ಅದು ಮೂಲತಃ ಕೊಡುವುದು ದೀರ್ಘವೃತ್ತಜದ, ಅಂದರೆ ಭೂಮಿಯ ಆಕಾರಕ್ಕೆ ಹೊಂದಿಸಿದ ನಯವಾದ ಗಣಿತದ ಮೇಲ್ಮೈಯ, ಮೇಲಿನ ಎತ್ತರ. ಸಮುದ್ರಮಟ್ಟಕ್ಕೆ ಹತ್ತಿರವಾದ ಜಿಯಾಯ್ಡ್‌ಗೂ ಅದಕ್ಕೂ ಇರುವ ಅಂತರವು ಭೂಮಿಯ ಬೇರೆ ಬೇರೆ ಕಡೆ ಸುಮಾರು −106 ಮೀಟರ್‌ನಿಂದ +85 ಮೀಟರ್‌ವರೆಗೆ ಬದಲಾಗುತ್ತದೆ. ಹಳೆಯ ಬಿಂದುಗಳ ಆಧಾರ ಒಂದು, ಹೊಸವುಗಳ ಆಧಾರ ಇನ್ನೊಂದು ಆದರೆ ಒಡ್ಡು ಪಾತಾಳಕ್ಕೋ ಆಕಾಶಕ್ಕೋ ಹೋಗುತ್ತದೆ. ಅಂಥ ದೊಡ್ಡ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಕೆಲವೇ ಸೆಂಟಿಮೀಟರ್‌ಗಳ ಅಂತರವು ಅಡಗಿ ಉಳಿಯುತ್ತದೆ, ಆದ್ದರಿಂದ ಈಗಾಗಲೇ ಅಳೆದ ನಾಲ್ಕಾರು ಬಿಂದುಗಳನ್ನು ಹೊಸ ಉಪಕರಣದಿಂದ ಮತ್ತೆ ಅಳೆದು ಹೋಲಿಸಿ.

ಇಳಿಜಾರಿನ ವಿಷಯದಲ್ಲಿ ನನಗೆ ಆತಂಕವಿದೆ. 500ಕ್ಕೆ 1 ಎಂದರೆ 15 ಮೀಟರ್ ದೂರಕ್ಕೆ 3 ಸೆಂಟಿಮೀಟರ್ ಇಳಿತ. ನೆಲ ಮಟ್ಟಮಾಡುವ ಕೆಲಸದಲ್ಲಿಯೇ ಅಷ್ಟು ಏರುಪೇರು ಸಹಜವಾಗಿರುವುದರಿಂದ ನೀರು ಅಲ್ಲಲ್ಲಿ ನಿಲ್ಲುತ್ತದೆ. ಚರಂಡಿಯು ನಿವೇಶನದಿಂದ ಹೊರಬೀಳುವ ಜಾಗದ ತಳಮಟ್ಟವನ್ನು ಮೊದಲು ನಿಗದಿಪಡಿಸಿ, ಅಲ್ಲಿಂದ ಹಿಂದಕ್ಕೆ ಬರುತ್ತ ನೆಲಹಾಸಿಗೆ 100ಕ್ಕೆ 1ರಷ್ಟಾದರೂ ಇಳಿಜಾರು ಸಿಗುತ್ತದೆಯೇ ನೋಡಿ. ಒಂದು ಹೆಕ್ಟೇರ್ ನೆಲಹಾಸನ್ನು 10 ಸೆಂಟಿಮೀಟರ್ ಎತ್ತರಿಸಿದರೆ 1,000 ಘನ ಮೀಟರ್ ವ್ಯತ್ಯಾಸವಾಗುತ್ತದೆಯಾದ್ದರಿಂದ ಹಲವು ಮಟ್ಟಗಳನ್ನು ಹೋಲಿಸಿಯೇ ನಿರ್ಧರಿಸಬೇಕು. ಮಿಲ್ಲರ್ ಮತ್ತು ಲಾಫ್ಲಾಮ್ 1958ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ ಡಿಜಿಟಲ್ ಭೂಮೇಲ್ಮೈ ಮಾದರಿಯ ಬಗ್ಗೆ ಬರೆದಾಗಲೂ ಹೆದ್ದಾರಿ ವಿನ್ಯಾಸದ ಪರ್ಯಾಯಗಳನ್ನು ಗಣಕದಿಂದ ತೂಗಿನೋಡುವುದೇ ಉದ್ದೇಶವಾಗಿತ್ತು.

ಉತ್ತರ 2 ಬರೆದವರಿಂದ ಸೇರ್ಪಡೆ

ಒಂದು ಪ್ರಶ್ನೆ ಉಳಿದಿದೆ: ಮೊದಲ ತಂತ್ರಾಂಶದಿಂದ ಎರಡನೆಯದಕ್ಕೆ ಮಾಹಿತಿಯನ್ನು ಹೇಗೆ ಸಾಗಿಸಿದಿರಿ? ಬರೀ ಬಿಂದುಗಳ ಪಟ್ಟಿಯನ್ನು ಕೊಟ್ಟಿದ್ದರೆ ಎರಡನೆಯದು ತನ್ನದೇ ತ್ರಿಕೋನಗಳನ್ನು ಕಟ್ಟಿಕೊಂಡಿರುತ್ತದೆ. ಈಗ ನೀವು ಎಳೆದ ಬ್ರೇಕ್‌ಲೈನ್‌ಗಳೂ ಅಲ್ಲಿಗೆ ತಲುಪುವುದಿಲ್ಲ. ತ್ರಿಕೋನಗಳ ಸಮೇತ ಮೇಲ್ಮೈಯನ್ನು ಲ್ಯಾಂಡ್‌ಎಕ್ಸ್‌ಎಂಎಲ್ (ತಂತ್ರಾಂಶಗಳ ನಡುವೆ ಅಳತೆಯ ಮಾಹಿತಿ ಸಾಗಿಸುವ ರೂಪ) ಕಡತದಲ್ಲಿ ರಫ್ತು ಮಾಡಿ, ಎರಡೂ ಕಡೆ ತ್ರಿಕೋನಗಳ ಸಂಖ್ಯೆ ಮತ್ತು ಕನಿಷ್ಠ ಹಾಗೂ ಗರಿಷ್ಠ ಎತ್ತರಗಳು ಒಂದೇ ಆಗಿವೆಯೇ ಎಂದು ನೋಡಿಕೊಂಡು, ಆಮೇಲೆ ಗಾತ್ರವನ್ನು ಮತ್ತೆ ಲೆಕ್ಕ ಹಾಕಿ. ಬಂದ ಅಂಕಿಗಳನ್ನು ಇಲ್ಲಿ ತಿಳಿಸಿದರೆ ಮುಂದುವರಿಸೋಣ.